ಚಕ್ರಪಾಣಿಯವರ ಚೌಕಾಸಿ

ಚಕ್ರಪಾಣಿಯವರನ್ನು ಬಲ್ಲವರು ಅವರನ್ನು ಮುಖಕ್ಕಿಂತ ಹೆಚ್ಚಾಗಿ ಬೆನ್ನಿನಿಂದ ಗುರುತಿಸುತ್ತಿದ್ದರು. ಅಂಗಡಿಯವನು ತಾವು ಹೇಳಿದ ಬೆಲೆಗೆ ಆಗದೆಂದು ತಲೆಯಾಡಿಸಿದ ಕೂಡಲೇ, “ಹಾಗಾದ್ರೆ ಬರ್ತೀನಪ್ಪ” ಎಂದು ತಿರುಗಿ ಹೊರಡುವ ಒಂದು ನಡಿಗೆ ಅವರಿಗೆ ಸಿದ್ಧಿಸಿತ್ತು. ಅದು ಅವಸರದ ನಡಿಗೆಯಲ್ಲ, ಕೋಪದ್ದೂ ಅಲ್ಲ. ಬಲಗೈ ಹಿಂದಕ್ಕೆ ಹೋಗಿ ಕೋಟಿನ ಅಂಚನ್ನು ಒಮ್ಮೆ ಎಳೆದು ಸರಿಪಡಿಸುವುದು, ಕತ್ತು ತುಸು ಬಾಗುವುದು, ಪಾದಗಳು ಮುಂದೆ ಸಾಗುತ್ತಿದ್ದರೂ ಕಿವಿಗಳೆರಡೂ ಅಂಗಡಿಯ ಗಲ್ಲಾದ ಪಕ್ಕದಲ್ಲೇ ಉಳಿದುಬಿಡುವುದು. ಮಾಮೂಲ್‌ಪೇಟೆಯ ವ್ಯಾಪಾರಿಗಳು ಆ ಬೆನ್ನನ್ನು ನೋಡಿ ಮನಸ್ಸಿನಲ್ಲೇ ನಗುತ್ತ, ಎಷ್ಟು ದೂರ ಹೋಗಲು ಬಿಟ್ಟು ಕರೆಯಬೇಕೆಂದು ಲೆಕ್ಕ ಹಾಕುತ್ತಿದ್ದರು. ಕರೆದೇ ಕರೆಯುತ್ತಾರೆಂಬ ನಂಬಿಕೆಯಲ್ಲಿ ಚಕ್ರಪಾಣಿಯವರು ಒಂದು ಸಲವೂ ಹಿಂತಿರುಗಿ ನೋಡುತ್ತಿರಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಅವರ ಹಿಂದಿನ ಮೇಜು ನನ್ನದಾಗಿದ್ದುದರಿಂದ ಆ ಬೆನ್ನಿನ ಪರಿಚಯ ನನಗೂ ಚೆನ್ನಾಗಿಯೇ ಇತ್ತು.

ಕೋಟು ಕಂದು ಬಣ್ಣದ್ದು, ನಗರ್ತಪೇಟೆಯಲ್ಲಿ ಕೊಂಡದ್ದು. ಹೊಸದಾಗಿ ಪರಿಚಯವಾದ ಯಾರನ್ನೇ ಆಗಲಿ, ಕಾಫಿ ತಣ್ಣಗಾಗುವುದರೊಳಗೆ ಕೋಟಿನ ಕಾಲರನ್ನು ಎರಡು ಬೆರಳಲ್ಲಿ ಹಿಡಿದು, “ಇದು ಎಷ್ಟಿರಬಹುದು ಹೇಳಿ ನೋಡೋಣ” ಎಂದು ಕೇಳುತ್ತಿದ್ದರು. ಎದುರಿನವರು ಹೇಳಿದ ಮೊತ್ತ ಹೆಚ್ಚಾದಷ್ಟೂ ಅವರ ಮುಖ ಅರಳುತ್ತಿತ್ತು. ಬಸವನಗುಡಿಯ ಅವರ ಮನೆಯಲ್ಲಿ ಕುಕ್ಕರಿನಿಂದ ಹಿಡಿದು ದೇವರ ಮಂಟಪದವರೆಗೆ ಪ್ರತಿಯೊಂದಕ್ಕೂ ಒಂದು ಕೇಳಿದ ಬೆಲೆ, ಒಂದು ಕೊಟ್ಟ ಬೆಲೆ, ನಡುವೆ ಒಂದು ಕಥೆ. ಅವರ ಪತ್ನಿ ಆಂಡಾಳ್ ಪೇಟೆಗೆ ಜೊತೆಯಲ್ಲಿ ಹೋದರೂ ವ್ಯಾಪಾರ ಶುರುವಾದೊಡನೆ ದೂರ ಸರಿದು ಬಸ್‌ಸ್ಟಾಪಿನಲ್ಲಿ ನಿಂತುಬಿಡುತ್ತಿದ್ದರು. “ಅವರು ಚೌಕಾಸಿಗೆ ನಿಂತ್ರೆ ನಾನು ಅವರಿಗೆ ಯಾರೂ ಅಲ್ಲ” ಎಂದು ಆಕೆ ಹೇಳುತ್ತಿದ್ದುದು ಅರ್ಧ ತಮಾಷೆ, ಅರ್ಧ ನಿಜ.

ಆದರೆ ಅವರನ್ನು ಜಿಪುಣರೆಂದು ಕರೆದರೆ ಅನ್ಯಾಯವಾದೀತು. ಗಾಂಧಿಬಜಾರಿನಲ್ಲಿ ಅವರೇಕಾಯಿ ಮಾರುವ ಮುದುಕಿಯೊಬ್ಬಳ ಜೊತೆ ಚಳಿಗಾಲದ ಬೆಳಗಿನಲ್ಲಿ ಎಂಟಾಣೆಗಾಗಿ ಜಗ್ಗಾಡಿ ಗೆದ್ದು, ಆಮೇಲೆ ಪಕ್ಕದ ಹೋಟೆಲಿನಿಂದ ಅವಳಿಗೆ ಕಾಫಿ ತಂದುಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಕಾಫಿಯ ಬೆಲೆ ಉಳಿಸಿದ ದುಡ್ಡಿಗಿಂತ ಜಾಸ್ತಿಯಾಯಿತಲ್ಲ ಎಂದರೆ, “ಅದು ಬೇರೆ ಲೆಕ್ಕ ಕಣ್ರೀ” ಎನ್ನುತ್ತಿದ್ದರು. ಚೌಕಾಸಿ ಅವರ ಪಾಲಿಗೆ ಇಬ್ಬರು ಮನುಷ್ಯರು ಮುಖಾಮುಖಿ ನಿಂತು ಆಡುವ ಆಟ. ಆಟ ಮುಗಿದ ಮೇಲೆ ಗೆದ್ದವನೂ ಸೋತವನೂ ಸಂತೋಷದಿಂದ ಮನೆಗೆ ಹೋಗಬೇಕು. ಈ ವಿದ್ಯೆಯನ್ನು ಅವರು ತಮಗೆ ಮಾತ್ರ ಇಟ್ಟುಕೊಂಡವರೂ ಅಲ್ಲ. ಕಚೇರಿಯಲ್ಲಿ ಯಾರ ಮನೆಯ ಮದುವೆಯಾದರೂ ಜವಳಿಗೆ, ಪಾತ್ರೆಗೆ, ಓಲಗದವರೊಡನೆ ಮಾತಿಗೆ ಚಕ್ರಪಾಣಿಯವರೇ ಬೇಕು. ಕರೆದರೆ ರಜೆ ಹಾಕಿಯಾದರೂ ಬರುತ್ತಿದ್ದರು. ಕರೆಯದಿದ್ದರೂ ಬರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಟೈ ಕಟ್ಟಿದ ಯುವಕರು ಊಟದ ವೇಳೆಗೆ ಕಚೇರಿಗಳಿಗೆ ನುಗ್ಗಿ ಕ್ರೆಡಿಟ್ ಕಾರ್ಡುಗಳನ್ನು ಹಂಚುತ್ತಿದ್ದ ಕಾಲವೊಂದಿತ್ತು. ವರ್ಷದ ಶುಲ್ಕವಿಲ್ಲವೆಂಬ ಒಂದೇ ಕಾರಣಕ್ಕೆ ಚಕ್ರಪಾಣಿಯವರು ಒಂದನ್ನು ತೆಗೆದುಕೊಂಡರು. ಮಗಳ ಬಾಣಂತನ, ಒಂದು ಫ್ರಿಜ್ಜು, ಮನೆಗೆ ಸುಣ್ಣಬಣ್ಣ. ಕಾರ್ಡಿನಲ್ಲಿ ಉಜ್ಜಿದ್ದು ಅಷ್ಟೇ. ತಿಂಗಳು ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಬಂದುದರಿಂದ ಬಡ್ಡಿ ಬೆಳೆಯಿತು; ಒಂದೆರಡು ಕಂತು ತಪ್ಪಿದಾಗ ದಂಡವೂ ಸೇರಿ ಸಾಲ ಮೂಲದ ದುಪ್ಪಟ್ಟಾಯಿತು. ವಸೂಲಿಯವರ ಫೋನು ಶುರುವಾದಾಗ ಬೇರೆಯವರಾಗಿದ್ದರೆ ಬೆವರುತ್ತಿದ್ದರು. ಚಕ್ರಪಾಣಿಯವರು ಕೋಟು ತೊಟ್ಟು ವಸೂಲಿ ಕಚೇರಿಯ ಮಹಡಿ ಹತ್ತಿದರು. ಅಲ್ಲಿದ್ದ ಅಧಿಕಾರಿಯ ಎದುರು ಕೂತು, “ಕಡೇ ಮಾತು ಹೇಳಿ” ಎಂದರು. ಅವನು ಹೇಳಿದ. ಇವರು ಅರ್ಧಕ್ಕೂ ಕಡಿಮೆ ಹೇಳಿದರು. ಅವನು ಆಗದೆಂದು ತಲೆಯಾಡಿಸಿದ. ಇವರು ಎದ್ದು ತಮ್ಮ ನಡಿಗೆ ನಡೆದರು. ಮೆಟ್ಟಿಲ ತಿರುವಿನಲ್ಲಿ ಹಿಂದಿನಿಂದ ಕರೆ ಬಂತು.

ಅರ್ಧಕ್ಕೂ ಕಡಿಮೆ ಕಟ್ಟಿ, ‘ಸೆಟಲ್‌ಮೆಂಟ್’ ಎಂದು ಬರೆದುಕೊಟ್ಟ ಕಾಗದವನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಬಂದ ಆ ದಿನ ಅವರ ಜೀವನದ ದೊಡ್ಡ ವಿಜಯದ ದಿನವಾಯಿತು. ಆಮೇಲೆ ನಾಲ್ಕೈದು ವರ್ಷ ಆ ಕಥೆಯಿಲ್ಲದೆ ಕಚೇರಿಯಲ್ಲಿ ಯಾವ ಬೀಳ್ಕೊಡುಗೆಯ ಊಟವೂ ನಡೆಯಲಿಲ್ಲ. ‘ಸೆಟಲ್’ ಎಂಬ ಮಾತನ್ನು ಅವರು ಉಚ್ಚರಿಸುವ ರೀತಿಯಲ್ಲೇ ಒಂದು ತೃಪ್ತಿಯಿರುತ್ತಿತ್ತು. ನಮ್ಮ ಊರಿನಲ್ಲಿ ಆ ಮಾತಿಗೆ ಶುಭಾರ್ಥವೇ ತಾನೆ. ಮಗಳು ಒಳ್ಳೆಯ ಮನೆ ಸೇರಿದರೆ ಸೆಟಲ್ ಆದಳೆನ್ನುತ್ತೇವೆ, ಮಗನಿಗೆ ಕಾಯಂ ಕೆಲಸ ಸಿಕ್ಕರೆ ಸೆಟಲ್ ಆದನೆನ್ನುತ್ತೇವೆ.

ಬೈರಯ್ಯನವರು ಈ ಕಥೆಯೊಳಕ್ಕೆ ಬಂದದ್ದು ಹೀಗೆ. ಅವರು ನಮ್ಮ ವಿಭಾಗದಲ್ಲೇ ಗುಮಾಸ್ತರು, ಚಕ್ರಪಾಣಿಯವರಿಗಿಂತ ಕಿರಿಯರು. ಮಾತು ಕಡಿಮೆ, ಬರವಣಿಗೆ ಮುತ್ತಿನಂಥದ್ದು. ಪತ್ನಿ ಅಂಜಮ್ಮನ ಆಪರೇಷನ್ನಿಗೆ ಅವರೂ ಅಂಥದೇ ಕಾರ್ಡೊಂದರಲ್ಲಿ ದುಡ್ಡು ಕಟ್ಟಿದ್ದರು, ಅದೂ ಬಡ್ಡಿ ಸೇರಿ ಬೆಳೆದು ನಿಂತಿತ್ತು. ಚೀಟಿ ಎತ್ತಿ, ಪೂರ್ತಿ ಹಣವನ್ನು ಚೀಲದಲ್ಲಿಟ್ಟುಕೊಂಡು ಬ್ಯಾಂಕಿಗೆ ಹೊರಟಿದ್ದ ಅವರನ್ನು ಕಚೇರಿಯ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದವರು ಚಕ್ರಪಾಣಿಯವರು.

“ಪೂರ್ತಿ ಕೊಡ್ತೀರಾ? ಯಾರಾದ್ರೂ ಪೂರ್ತಿ ಕೊಡ್ತಾರೇನ್ರೀ ಬೈರಯ್ಯ?”

“ಮನೇಲಿ ಕೊಟ್ಬಿಡು ಅಂತಾಳೆ ಸಾರ್. ಉಂಡಿದ್ದ ಋಣ ಇಟ್ಕೋಬಾರ್ದು ಅಂತ.”

“ಬ್ಯಾಂಕಿಗೂ ನಮಗೂ ಎಂಥ ಋಣ? ಬನ್ನಿ ನನ್ ಜೊತೆ. ನೀವು ಬಾಯೇ ಬಿಡಬೇಡಿ.”

ಬೈರಯ್ಯ ಬಾಯಿ ಬಿಡಲಿಲ್ಲ. ಅವರ ಪರವಾಗಿ ಚಕ್ರಪಾಣಿಯವರೇ ಕೂತರು, ಎದ್ದರು, ನಡೆದರು, ಕರೆಸಿಕೊಂಡರು. ಉಳಿದ ಹಣದಲ್ಲಿ ಮಗಳು ಭಾಗ್ಯಳ ಕಾಲೇಜಿನ ಫೀಸು ಕಟ್ಟಿದ್ದಾಯಿತು. ವಾಪಸು ಬರುವಾಗ ಬೈರಯ್ಯ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದರೆಂದೂ, ಅದನ್ನು ತಾವು ಕೃತಜ್ಞತೆಯ ಮೌನವೆಂದು ತಿಳಿದೆವೆಂದೂ ಚಕ್ರಪಾಣಿಯವರು ಬಹಳ ಕಾಲದ ಮೇಲೆ ನನಗೆ ಹೇಳಿದರು.

ಎರಡು ಸಾವಿರದ ಎಂಟರ ಸುಮಾರಿಗೆ ಬೈರಯ್ಯನವರಿಗೆ ಸ್ವಂತ ಮನೆಯ ಯೋಗ ಕೂಡಿಬಂದಂತೆ ಕಂಡಿತು. ಚಾಮರಾಜಪೇಟೆಯ ವಠಾರವೊಂದರಲ್ಲಿ ಬಾಡಿಗೆಗಿದ್ದ ಅವರಿಗೆ ಅಲ್ಲಿಂದ ಬಸ್ಸಿನ ಸ್ವಲ್ಪ ದಾರಿಯಲ್ಲಿ ಪಾರ್ವತಮ್ಮನೆಂಬ ವಿಧವೆಯೊಬ್ಬರ ಪುಟ್ಟ ಮನೆ ಗೊತ್ತಾಗಿತ್ತು. ಅಗ್ರಿಮೆಂಟು ಬರೆಸಿ ಮುಂಗಡ ಕೊಟ್ಟು, ಉಳಿದದ್ದಕ್ಕೆ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿದರು. ಬಾಡಿಗೆಯಲ್ಲೇ ಇಷ್ಟು ವರ್ಷ ಕಳೆದಿರಲ್ಲ, ಈಗೇನು ಅವಸರವೆಂದು ಯಾರೋ ಕೇಳಿದ್ದಕ್ಕೆ ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ: “ಬಾಡಿಗೆ ಮನೆ ಕೇಳ್ಕೊಂಡು ಹೋದ್ರೆ ಮೊದ್ಲು ಹೆಸರು ಕೇಳ್ತಾರೆ ಸಾರ್. ಆಮೇಲೆ ಊರು ಕೇಳ್ತಾರೆ. ಆಮೇಲೆ ಮನೆ ಖಾಲಿ ಇಲ್ಲ ಅಂತಾರೆ.”

ಅರ್ಜಿ ತಿರಸ್ಕೃತವಾಯಿತು. ಸಾಲದ ಇತಿಹಾಸ ಸರಿಯಿಲ್ಲವೆಂದು ಬ್ಯಾಂಕಿನವರು ಹೇಳಿದರಂತೆ. ಚಕ್ರಪಾಣಿಯವರಿಗೆ ಇದು ತಮ್ಮನ್ನೇ ಯುದ್ಧಕ್ಕೆ ಕರೆದಂತಾಯಿತು. ಬೈರಯ್ಯನವರನ್ನು ಕಟ್ಟಿಕೊಂಡು ಆ ಬ್ಯಾಂಕಿನ ಚಾಮರಾಜಪೇಟೆ ಶಾಖೆಗೆ ಹೋದರು. ಮ್ಯಾನೇಜರು ಮಹಾನಂದ ಎಂಬಾಕೆ. ಮೆತ್ತಗಿನ ಮಾತಿನ, ತಾಳ್ಮೆಯ ಹೆಂಗಸು. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಹಾಕಿಕೊಳ್ಳಿ, ಸಾಲ ಸ್ವಲ್ಪ ಕಡಿಮೆ ಕೊಡಿ, ಬೇಕಾದರೆ ನನ್ನ ಜಾಮೀನು ಹಾಕಿಕೊಳ್ಳಿ ಎಂದು ಇವರು ಒಂದೊಂದೇ ಕಾಯಿ ನಡೆಸಿದರು. “ಆಗಲ್ಲ ಸಾರ್” ಎಂದು ಆಕೆ ಪ್ರತಿಸಲವೂ ಅದೇ ಸ್ವರದಲ್ಲಿ ಹೇಳಿದರು. ಕೊನೆಗೆ ಚಕ್ರಪಾಣಿಯವರು ಎದ್ದು, ಕೋಟು ಸರಿಪಡಿಸಿಕೊಂಡು ಹೊರಟರು. ಬ್ಯಾಂಕಿನ ಬಾಗಿಲು ದಾಟಿದರು, ಮೆಟ್ಟಿಲಿಳಿದರು, ಬೀದಿಗೆ ಬಂದರು. ಯಾರೂ ಕರೆಯಲಿಲ್ಲ.

“ಈ ಊರಲ್ಲಿ ಇದೊಂದೇ ಬ್ಯಾಂಕೇನ್ರೀ?” ಎಂದರು.

ಮುಂದಿನ ದಿನಗಳಲ್ಲಿ ಅವರು ಬೈರಯ್ಯನವರನ್ನು ಮಲ್ಲೇಶ್ವರದ ಒಂದು ಬ್ಯಾಂಕಿಗೆ, ಜಯನಗರದ ಇನ್ನೊಂದಕ್ಕೆ, ಮೆಜೆಸ್ಟಿಕ್ಕಿನ ಹತ್ತಿರದ ಮತ್ತೊಂದಕ್ಕೆ ಕರೆದುಕೊಂಡು ಹೋಗಿ, ಒಬ್ಬರ ಮೇಲೆ ಒಬ್ಬರನ್ನು ಎತ್ತಿಕಟ್ಟುವ ಹುಮ್ಮಸ್ಸಿನಲ್ಲಿ ಎಲ್ಲ ಕಡೆಯೂ ಅರ್ಜಿ ಹಾಕಿಸಿದರು. ಎಲ್ಲ ಕಡೆಯಿಂದಲೂ ಇಲ್ಲವೆಂದೇ ಬಂತು. ಅಷ್ಟರಲ್ಲಿ ಯಾರೋ ಹೇಳಿದಂತೆ ಬೈರಯ್ಯನವರು ಡಿ.ಡಿ. ತೆಗೆಸಿ, ಗುರುತಿನ ಕಾಗದಗಳ ನಕಲು ಸೇರಿಸಿ, ಎಲ್ಲ ಬ್ಯಾಂಕುಗಳ ಸಾಲಗಾರರ ಲೆಕ್ಕವಿಡುವ ಮುಂಬಯಿಯ ಸಂಸ್ಥೆಗೆ ಬರೆದು ತಮ್ಮ ಸಾಲದ ವರದಿಯನ್ನು ತಾವೇ ತರಿಸಿಕೊಂಡಿದ್ದರು. ಊಟದ ವೇಳೆಯಲ್ಲಿ ಅದನ್ನು ಮೇಜಿನ ಮೇಲೆ ಹರಡಿದಾಗ ಚಕ್ರಪಾಣಿಯವರು ಬೆರಳಿಟ್ಟು ಓದುತ್ತ ಹೋಗಿ, ‘ಸೆಟಲ್ಡ್’ ಎಂಬ ಪದ ಕಂಡೊಡನೆ ಗೆಲುವಾದರು. “ನೋಡಿ, ಅವರೇ ಬರೆದಿದಾರೆ. ಇದನ್ನ ತಗೊಂಡ್ ಹೋಗಿ ಆಯಮ್ಮನ ಮುಂದೆ ಇಡೋಣ ನಡೀರಿ.”

ಮಹಾನಂದ ಆ ಹಾಳೆಗಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಇಬ್ಬರಿಗೂ ಕಾಣುವಂತೆ ಪೆನ್ನಿನ ಹಿಂಬದಿಯಿಂದ ತೋರಿಸುತ್ತ ಹೋದರು. ಮೇಲೆ ಹೆಸರು, ಹುಟ್ಟಿದ ತಾರೀಕು, ಹಳೆಯ ಹೊಸ ವಿಳಾಸಗಳು. ಇವು ಸರಿಯಾಗಿವೆಯೇ, ಬೇರೆ ಯಾರದಾದರೂ ಸಾಲ ಇವರ ಹೆಸರಿಗೆ ಅಂಟಿಕೊಂಡಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಆಮೇಲೆ ಒಂದೊಂದು ಸಾಲಕ್ಕೂ ಒಂದೊಂದು ಖಾತೆ. ಸ್ಕೂಟರಿನ ಸಾಲದ ಕೆಳಗೆ ತಿಂಗಳು ತಿಂಗಳಿಗೂ ಸಾಲಾಗಿ ಸೊನ್ನೆಗಳಿದ್ದವು. ಕಂತು ಎಷ್ಟು ದಿನ ತಡವಾಯಿತೆಂಬುದನ್ನು ಹೇಳುವ ಜಾಗ ಅದು, ಒಂದು ದಿನವೂ ತಡವಾಗಿಲ್ಲವೆಂದು ಸೊನ್ನೆ. “ಇಷ್ಟು ನೀಟಾಗಿ ಕಟ್ಟಿರೋ ಸ್ಕೂಟರ್ ಲೋನು ನಾನು ನೋಡಿದ್ದು ಕಮ್ಮಿ” ಎಂದರು ಆಕೆ. ಬೈರಯ್ಯ ತಲೆ ತಗ್ಗಿಸಿದರು.

ಕಾರ್ಡಿನ ಖಾತೆಗೆ ಬಂದಾಗ ಚಕ್ರಪಾಣಿಯವರು ಮುಂದೆ ಬಾಗಿದರು. “ಇದು ಒಳ್ಳೇದೇ ಅಲ್ವಾ ಮೇಡಂ? ಸೆಟಲ್ಡ್ ಅಂತಿದೆ. ಮುಗೀತು ಅಂತ ತಾನೆ?”

“ಮುಗೀತು ಸಾರ್. ಆದ್ರೆ ಪೂರ್ತಿ ಕೊಡದೆ ಮುಗೀತು ಅಂತ. ಕೆಳಗೆ ನೋಡಿ, ಬ್ಯಾಂಕು ಎಷ್ಟು ಕೈಬಿಡ್ತು ಅಂತಾನೂ ಇದೆ.”

“ಅವರೇ ಒಪ್ಪಿ ಸಹಿ ಮಾಡಿ ಕೊಟ್ಟಿದಾರಲ್ಲ?”

“ಒಪ್ಪಿದಾರೆ. ಇನ್ಮೇಲೆ ನಿಮ್ಮನ್ನ ಕೇಳಲ್ಲ ಅಂತ ಒಪ್ಪಿದಾರೆ. ಆದ್ರೆ ನಡೆದಿದ್ದನ್ನ ನಡೆದ ಹಾಗೇ ಮುಂಬಯಿಗೆ ತಿಳಿಸಿದಾರೆ. ನಾಳೆ ನಾನು ಮನೆ ಸಾಲ ಕೊಟ್ರೆ ಇವರು ಅರ್ಧಕ್ಕೇ ಚೌಕಾಸಿ ಮಾಡಲ್ಲ ಅಂತ ನಮ್ಮ ಮೇಲಿನೋರಿಗೆ ನಾನು ಹೇಗೆ ಹೇಳಲಿ?”

ಆಕೆ ಹಾಳೆ ತಿರುಗಿಸಿದರು. ಕೊನೆಯಲ್ಲಿ, ಇತ್ತೀಚೆಗೆ ಯಾರು ಯಾರು ಈ ವರದಿಯನ್ನು ಕೇಳಿ ನೋಡಿದ್ದಾರೆಂಬ ಪಟ್ಟಿಯಿತ್ತು. “ಇದೇನು ಇಷ್ಟೊಂದು ಬ್ಯಾಂಕು? ಎಲ್ಲ ಈಗಿಂದೀಗ ಹಾಕಿರೋ ಅರ್ಜಿಗಳು. ಒಬ್ಬ ಮನುಷ್ಯ ಹೋದ ಕಡೆಯೆಲ್ಲ ಸಾಲ ಕೇಳ್ತಿದಾನೆ ಅಂದ್ರೆ ನೋಡಿದೋರು ಏನಂದ್ಕೋತಾರೆ ಸಾರ್?”

ಚಕ್ರಪಾಣಿಯವರ ಕಿವಿ ಬಿಸಿಯಾಯಿತು. ಇದನ್ನು ಅಳಿಸಲು ಬರುವುದಿಲ್ಲವೇ ಎಂದು ಕೇಳಿದರು. ತಪ್ಪಿದ್ದರೆ ತಿದ್ದಿಸಬಹುದು, ಆದರೆ ಇದು ತಪ್ಪಲ್ಲವಲ್ಲ ಎಂದರು ಮಹಾನಂದ. ಬ್ಯಾಂಕು ಕೈಬಿಟ್ಟ ಹಣವನ್ನು ಕಟ್ಟಿ, ಅವರಿಂದ ಬಾಕಿಯಿಲ್ಲವೆಂಬ ಕಾಗದ ಪಡೆದು, ಅವರೇ ಮುಂಬಯಿಗೆ ತಿಳಿಸಿದರೆ ಆ ಪದ ಬದಲಾಗಬಹುದು, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

“ಆಗ್ಲೇ ಪೂರ್ತಿ ಕಟ್ಟಿದ್ರೆ?”

“ಆಗ್ಲೇ ಕಟ್ಟಿದ್ರೆ ‘ಕ್ಲೋಸ್ಡ್’ ಅಂತ ಬರ್ತಿತ್ತು. ನಾನು ಯೋಚನೆ ಮಾಡದೆ ಸಹಿ ಹಾಕ್ತಿದ್ದೆ.” ಆಕೆ ಬೈರಯ್ಯನವರತ್ತ ತಿರುಗಿ, ಬೇಸರದಿಂದಲ್ಲ, ಮರುಕದಿಂದಲೇ ಕೇಳಿದರು: “ಇಷ್ಟು ಅಚ್ಚುಕಟ್ಟಾಗಿರೋರು ನೀವು. ಹೀಗೆ ಮಾಡಿ ಅಂತ ಯಾರು ಹೇಳಿದ್ರು ನಿಮಗೆ?”

ಬೈರಯ್ಯ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡರು. “ಆಗ ನಂಗೆ ಗೊತ್ತಾಗ್ಲಿಲ್ಲ ಮೇಡಂ” ಎಂದರು.

ಚಕ್ರಪಾಣಿಯವರು ಪಕ್ಕದ ಕುರ್ಚಿಯಲ್ಲೇ ಇದ್ದರು. ನಾಲಿಗೆಯನ್ನೇ ಆಯುಧ ಮಾಡಿಕೊಂಡು ಬದುಕಿದ ಆ ಮನುಷ್ಯನಿಗೆ ‘ನಾನು ಹೇಳಿದೆ’ ಎಂಬ ಎರಡು ಶಬ್ದಗಳು ಆ ಹೊತ್ತಿನಲ್ಲಿ ಬಾಯಿಗೆ ಬರಲಿಲ್ಲ. ಹೊರಗೆ ಬಂದ ಮೇಲೂ ಬರಲಿಲ್ಲ. “ಬಸ್ ಬಂತು ಸಾರ್, ಬರ್ತೀನಿ” ಎಂದು ಬೈರಯ್ಯ ಹೊರಟುಹೋದರು.

ಮನೆಯಲ್ಲಿ ಅವರು ಊಟದ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದುದನ್ನು ನೋಡಿ ಆಂಡಾಳ್ ವಿಚಾರಿಸಿದರಂತೆ. ಇವರು ನಡೆದದ್ದೆಲ್ಲ ಹೇಳಿ, “ಬೈರಯ್ಯ ನನ್ನ ಹೆಸರೆತ್ತಲಿಲ್ಲ ಕಣೇ” ಎಂದರು. ಆಕೆ ಕೇಳಿದ್ದು ಒಂದೇ ಮಾತು. “ನೀವು ಎತ್ತಿದ್ರಾ?”

ಅಗ್ರಿಮೆಂಟಿನ ಗಡುವು ಮುಗಿಯಿತು. ಪಾರ್ವತಮ್ಮನವರಿಗೂ ದುಡ್ಡಿನ ತುರ್ತಿತ್ತು, ಕಾಯುವಂತಿರಲಿಲ್ಲ. ಮನೆ ಬೇರೆಯವರಿಗೆ ಹೋಯಿತು. ಮುಂಗಡ ಹಣ ಮುಳುಗುವ ಹಾಗಾದಾಗ ಚಕ್ರಪಾಣಿಯವರು ತಾವು ಹೋಗಿ ಮಾತಾಡುವುದಾಗಿ ಹೇಳಿದರು. ಬೈರಯ್ಯ ಕೈಯಲ್ಲಿದ್ದ ಫೈಲನ್ನು ಕಟ್ಟಿ ಪಕ್ಕಕ್ಕಿಟ್ಟರು. “ಬೇಡ ಸಾರ್. ನೀವು ಬರ್ಬೇಡಿ. ನಾನೇ ಹೋಗ್ತೀನಿ.” ಸ್ವರದಲ್ಲಿ ಯಾವ ಒರಟುತನವೂ ಇರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು. ಅವರು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪಾರ್ವತಮ್ಮ ಖರ್ಚಾಗದೆ ಉಳಿದಷ್ಟನ್ನು ಎಣಿಸಿ ಕೊಟ್ಟರು. ಉಳಿದದ್ದು ಹೋಯಿತು.

ಆ ಭಾನುವಾರ ಚಕ್ರಪಾಣಿಯವರು ಚಾಮರಾಜಪೇಟೆಯ ವಠಾರಕ್ಕೆ ಹೋದರು. ಬೈರಯ್ಯ ಮನೆಯಲ್ಲಿರಲಿಲ್ಲ. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದರೂ ಆ ಮನೆಯ ಹೊಸ್ತಿಲನ್ನು ಅವರು ದಾಟಿದವರಲ್ಲ. ಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗುವುದು, ಬೈರಯ್ಯ ಹೊರಗೆ ಬರುವುದು, ಹೀಗೇ ನಡೆದುಬಂದಿತ್ತು. ಯಾಕೆ ಹಾಗೆ ಎಂದು ತಮ್ಮನ್ನು ತಾವು ಕೇಳಿಕೊಂಡದ್ದೂ ಆ ಹೊಸ್ತಿಲಿನ ಮುಂದೆಯೇ ಅಂತೆ. ಅಂಜಮ್ಮ ಕುರ್ಚಿ ಹಾಕಿದರು. ಇವರು ಕೂರಲಿಲ್ಲ.

“ಆವತ್ತು ಬೈರಯ್ಯ ಪೂರ್ತಿ ದುಡ್ಡು ತಗೊಂಡೇ ಹೊರಟಿದ್ರು ಅಂಜಮ್ಮ. ತಡೆದೋನು ನಾನು. ಬ್ಯಾಂಕು ಬ್ಯಾಂಕು ಅಲೆಸಿ ಇನ್ನಷ್ಟು ಕೆಡಿಸಿದ್ದೂ ನಾನೇ.”

ಅಂಜಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, “ನನ್ ಹತ್ರ ಹಂಗೆ ಹೇಳ್ಲಿಲ್ಲ ಅವರು” ಎಂದರು. “ದುಡ್ಡಿನ ಆಸೆ ಬಿತ್ತು, ನಾನೇ ಕಮ್ಮಿ ಕಟ್ಟಿ ಬಂದೆ ಅಂದ್ರು. ಮನೆ ಕೈತಪ್ಪಿದಾಗಿಂದ ನಾನು ಅವರ ಜೊತೆ ನೆಟ್ಟಗೆ ಮಾತಾಡಿಲ್ಲ.”

ಚಕ್ರಪಾಣಿಯವರು ಕೋಟಿನ ಜೇಬಿಗೆ ಕೈಹಾಕಿ ಕವರೊಂದನ್ನು ತೆಗೆದರು. ಆಕೆ ಅದರ ಕಡೆ ಕೈ ಚಾಚಲಿಲ್ಲ. “ಅದನ್ನ ಒಳಗಿಟ್ಕೊಳಿ. ಆಪರೇಷನ್ ಆಗಿದ್ದು ನಂಗೆ, ಸಾಲ ನಮ್ದು. ನಾವು ಕಟ್ಕೋತೀವಿ.” ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿ ಹೇಳಿದರು: “ನೀವು ಕೇಡು ಬಗೀಬೇಕು ಅಂತ ಮಾಡ್ಲಿಲ್ಲ. ಅದು ನಂಗೊತ್ತು. ಆದ್ರೆ ಮನೆ ಹೋಯ್ತಲ್ಲ ಸಾರ್.”

ಚಕ್ರಪಾಣಿಯವರು ಕವರನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಆಕೆ ಕಾಫಿ ಕೊಟ್ಟರು. ಇವರು ಕೂತು ಕುಡಿದರು.

ಅದಾದ ಮೇಲೆ ಅವರು ತಮ್ಮ ವರದಿಯನ್ನೂ ತರಿಸಿದರು. ಅದರಲ್ಲೂ ಅದೇ ಪದ, ಕೆಳಗೆ ಬ್ಯಾಂಕು ಕೈಬಿಟ್ಟ ಮೊತ್ತ. ವರ್ಷಗಟ್ಟಲೆ ಊಟದೆಲೆಯ ಮುಂದೆ ಕೂತು ತಾವು ಕೊಚ್ಚಿಕೊಂಡದ್ದು ಇಷ್ಟರ ಬಗ್ಗೆ ಎಂಬುದನ್ನು ಆ ಒಂದು ಸಾಲಿನಲ್ಲಿ ಓದಿಕೊಂಡರು. ಅವರಿಗೆ ಸಾಲ ಬೇಕಾಗಿರಲಿಲ್ಲ, ನಿವೃತ್ತಿ ಹತ್ತಿರವಿತ್ತು. ಆ ಪದ ಅಲ್ಲೇ ಇದ್ದರೂ ಅವರ ಕೂದಲೂ ಕೊಂಕುತ್ತಿರಲಿಲ್ಲ. ಆದರೂ ಕಾರ್ಡು ಕೊಟ್ಟಿದ್ದ ಬ್ಯಾಂಕಿನ ಕಚೇರಿಯನ್ನು ಹುಡುಕಿಕೊಂಡು ಹೋದರು. ಹಳೆಯ ಅಧಿಕಾರಿಗಳು ಯಾರೂ ಇರಲಿಲ್ಲ, ಮುಗಿದ ಖಾತೆಗೆ ಹಣ ಕಟ್ಟಲು ಬಂದವರನ್ನು ಏನು ಮಾಡಬೇಕೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಮೂರ್ನಾಲ್ಕು ಸಲ ಅಲೆದ ಮೇಲೆ ಕೌಂಟರಿನ ಯುವತಿಯೊಬ್ಬಳು ಕಂಪ್ಯೂಟರಿನಲ್ಲಿ ಹುಡುಕಿ, “ಹಳೇದು ಅಲ್ವಾ ಸಾರ್, ರಿಕ್ವೆಸ್ಟ್ ಕೊಡಿ, ಸ್ವಲ್ಪ ಕಮ್ಮಿ ಮಾಡಿಸ್ಬೋದು” ಎಂದಳಂತೆ.

“ಬೇಡಮ್ಮ, ಪೂರ್ತಿ ತಗೊಳ್ಳಿ” ಎಂದದ್ದು ತಮ್ಮ ಸ್ವರವೇ ಎಂದು ಅವರಿಗೆ ಗುರುತು ಸಿಗಲಿಲ್ಲವಂತೆ.

ಬೈರಯ್ಯನವರೂ ಕಟ್ಟಿದರು. ವರದಿಯ ಪದ ಬದಲಾಗಲು ತಿಂಗಳುಗಳೇ ಹಿಡಿದವು. ವರ್ಷದ ಮೇಲೆ ಮಹಾನಂದ ಅವರೇ ಸಾಲ ಮಂಜೂರು ಮಾಡಿದರು. ಅಷ್ಟರಲ್ಲಿ ಬೆಲೆಗಳು ಏರಿದ್ದರಿಂದ ಮನೆ ಇನ್ನಷ್ಟು ಚಿಕ್ಕದಾಯಿತು, ಇನ್ನಷ್ಟು ದೂರವಾಯಿತು. ಗೃಹಪ್ರವೇಶಕ್ಕೆ ನಮ್ಮೆಲ್ಲರ ಜೊತೆ ಚಕ್ರಪಾಣಿಯವರೂ ಹೋಗಿ, ನಡುಮನೆಯಲ್ಲಿ ಎಲ್ಲರ ಸಾಲಿನಲ್ಲೇ ಕೂತು ಉಂಡರು. ಮನೆಗೆ ಎಷ್ಟಾಯಿತು ಎಂದು ಯಾರೋ ಕೇಳಿದಾಗ ಎದ್ದು ಹೊರಗೆ ಹೋದರು. ಬೈರಯ್ಯ ಮೊದಲಿನಂತೆಯೇ ಮರ್ಯಾದೆಯಿಂದ ಮಾತಾಡಿಸುತ್ತಿದ್ದರು. ಆದರೆ ಯಾವ ವಿಷಯಕ್ಕೂ “ಏನ್ಮಾಡ್ಲಿ ಸಾರ್” ಎಂದು ಮತ್ತೆಂದೂ ಕೇಳಲಿಲ್ಲ. ಬೈಗುಳಕ್ಕಿಂತ ಇದು ಚಕ್ರಪಾಣಿಯವರನ್ನು ಹೆಚ್ಚು ಬಾಧಿಸಿತೆಂದು ನಾನು ಬಲ್ಲೆ. ಯಾರಾದರೂ ಹೊಸ ಗುಮಾಸ್ತ ಕಾರ್ಡಿನ ಸಾಲದಲ್ಲಿ ಸಿಕ್ಕಿಕೊಂಡು ಅವರ ಹತ್ತಿರ ಬಂದರೆ, ಬೈರಯ್ಯನವರ ಹೆಸರು ಬಿಟ್ಟು, ತಮ್ಮ ಹೆಸರು ಬಿಡದೆ, ನಡೆದದ್ದನ್ನೆಲ್ಲ ಹೇಳುತ್ತಿದ್ದರು. ಹೇಳುವಾಗ ಎದುರಿನವನ ಮುಖ ನೋಡುತ್ತಿರಲಿಲ್ಲ.

ಇಂಥವರು ನಮ್ಮ ಹಳೆಯ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ಇದ್ದರು, ಈಗಲೂ ಇದ್ದಾರೆ. ಪೇಟೆಯಲ್ಲಿ ಬೆಳೆದ ಬುದ್ಧಿ ಅವರದು. ಮಾತು ಮುಗಿದ ಮೇಲೆ ಇಬ್ಬರೂ ಮರೆತುಬಿಡುವ ವ್ಯಾಪಾರವನ್ನೇ ಅವರು ಇಡೀ ಪ್ರಪಂಚದ ವ್ಯವಹಾರವೆಂದು ತಿಳಿದವರು. ಸ್ವಾರ್ಥಿಗಳಲ್ಲ, ಮೋಸಗಾರರಂತೂ ಅಲ್ಲ. ತಾವು ಗೆದ್ದ ದಾರಿಯಲ್ಲಿ ಹತ್ತು ಜನರನ್ನು ಕೈಹಿಡಿದು ಕರೆದೊಯ್ಯದಿದ್ದರೆ ಅವರಿಗೆ ಸಮಾಧಾನವಿಲ್ಲ. ಜಿಪುಣನ ತಪ್ಪು ಅವನ ಮನೆಯಲ್ಲೇ ಇದ್ದು ಅವನ ಜೊತೆಗೇ ಮುದಿಯಾಗುತ್ತದೆ. ಹೀಗೆ ಬುದ್ಧಿಯನ್ನು ಧಾರಾಳವಾಗಿ ಹಂಚುವವರ ತಪ್ಪು ಮಾತ್ರ ಇನ್ನೊಬ್ಬರ ಮನೆಗೆ ಹೋಗಿ, ಅವರ ಹೆಂಡತಿ ಮಕ್ಕಳ ನಡುವೆ ಕೂತುಬಿಡುತ್ತದೆ. ಅಂಥವರಲ್ಲಿ ಬಹುಪಾಲು ಮಂದಿಗೆ ಅದರ ಸುದ್ದಿಯೇ ತಲುಪುವುದಿಲ್ಲ, ಕಡೆಯವರೆಗೂ ತಾವು ಉಪಕಾರ ಮಾಡಿದೆವೆಂದೇ ನಂಬಿ ಸುಖವಾಗಿ ಕಣ್ಣುಮುಚ್ಚುತ್ತಾರೆ. ಯಾರಿಗೋ ಒಬ್ಬಿಬ್ಬರಿಗೆ ತಲುಪುತ್ತದೆ. ಆ ಮೇಲೆ ಅವರು ಕಂಡವರೆಲ್ಲರಿಗೂ ಬುದ್ಧಿ ಹೇಳುವುದನ್ನು ಬಿಟ್ಟು, ಕಡಿಮೆ ಮಾತಿನ, ಸ್ವಲ್ಪ ತಡವರಿಸುವ, ನಂಬಬಹುದಾದ ಮನುಷ್ಯರಾಗುತ್ತಾರೆ.